ತೂಗದೆ ಉಳಿದ ಡಬ್ಬಿ

"ಗುರುಗಳೇ, ಮೂರು ವರ್ಷಗಳಿಂದ ದಿನವೂ ನನ್ನನ್ನು ನಾನು ಪರೀಕ್ಷಿಸಿಕೊಳ್ಳುತ್ತಿದ್ದೇನೆ. ಆಡಿದ ಮಾತು, ಮಾಡಿದ ಕೆಲಸ, ಮನಸ್ಸಿನಲ್ಲಿ ಸುಳಿದ ಯೋಚನೆ, ಒಂದನ್ನೂ ಬಿಡುವುದಿಲ್ಲ. ದೊಡ್ಡ ತಪ್ಪೇನೂ ಸಿಗುತ್ತಿಲ್ಲ. ಆದರೂ ನೆಮ್ಮದಿ ಇಲ್ಲ. ಇದು ಏಕೆ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟು ಬಂದವನು. ಅಣ್ಣನಿಂದ ಕಾಗದವೊಂದು ಬಂದು ನಾಲ್ಕು ತಿಂಗಳಾಗಿತ್ತು. ಅದನ್ನು ಅವನು ಒಡೆದಿರಲಿಲ್ಲ. ಹಾಸಿಗೆಯ ಸುರುಳಿಯೊಳಗೆ ಸೇರಿಸಿ ಇಟ್ಟಿದ್ದ. ಅದರಲ್ಲಿ ಏನಿದೆಯೋ ತನಗೆ ತಿಳಿಯದು ಎಂದುಕೊಂಡಿದ್ದ. ಗುರುಗಳ ಮುಂದೆ ಆ ಮಾತನ್ನು ಎತ್ತಲಿಲ್ಲ.

"ನಿನ್ನ ಬಳಿ ಒಳ್ಳೆಯ ಉಪಕರಣಗಳಿವೆ," ಎಂದರು ಗುರುಗಳು. "ಒಳ್ಳೆಯ ಉಪಕರಣಗಳಿದ್ದ ಒಬ್ಬನ ಕತೆ ಹೇಳುತ್ತೇನೆ, ಕೇಳು. ಆ ಊರಿನವರು ಇದನ್ನು ಒಂದು ಶಾಪದ ಕತೆಯಾಗಿ ಹೇಳುತ್ತಾರೆ. ಶಾಪವನ್ನು ಕಂಡವರು ಯಾರೂ ನನಗೆ ಸಿಗಲಿಲ್ಲ. ಆದ್ದರಿಂದ ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ."

ಬೆಟ್ಟದ ಸೀಮೆಯಲ್ಲಿ ಒಬ್ಬ ಮೋಜಣಿದಾರನಿದ್ದ. ಊರಿನ ಗದ್ದೆ ಹೊಲಗಳನ್ನೆಲ್ಲ ಅಳೆದು ಗಡಿಕಲ್ಲು ನೆಡಿಸಿದವನು ಅವನೇ. ಅವನು ನೆಡಿಸಿದ ಕಲ್ಲನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ದಾಯಾದಿಗಳು ಹೊಡೆದಾಡುವಾಗಲೂ ಅವನ ಕಲ್ಲಿನ ಆಚೆ ಈಚೆ ನಿಂತೇ ಹೊಡೆದಾಡುತ್ತಿದ್ದರು.

ಆ ಸೀಮೆಯಲ್ಲಿ ಮನೆಮನೆಗೂ ಕೋವಿ ಇತ್ತು. ನಾಟಿ ಮುಗಿದ ಮೇಲೆ ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ, ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತಿತ್ತು. ಮೋಜಣಿದಾರನಿಗೆ ಹೊಡೆಯುವ ಆಸೆ ಅಷ್ಟಾಗಿ ಇರಲಿಲ್ಲ. ಸುಟ್ಟ ಕಾಡತೂಸುಗಳ ಹಿತ್ತಾಳೆಯ ಕೊಳವೆಗಳನ್ನು ಆಯ್ದು ತಂದು, ಮತ್ತೆ ಮದ್ದು ತುಂಬಿ, ಹೊಸದಾಗಿ ಕಾಡತೂಸು ಮಾಡುವುದು ಅವನ ಹವ್ಯಾಸ. ಅದಕ್ಕಾಗಿ ಅವನು ಕಿಟಕಿಯ ಬಳಿ ಒಂದು ಮೇಜು ಇಟ್ಟುಕೊಂಡಿದ್ದ.

ಆ ಮೇಜಿನ ಮೇಲೆ ಪ್ರತಿಯೊಂದು ತಪ್ಪಿಗೂ ಒಂದು ಉಪಕರಣವಿತ್ತು. ಮದ್ದಿಗೆ ಕಿಡಿ ಹೊತ್ತಿಸಿ ಸುಟ್ಟುಹೋದ ಕೇಪನ್ನು ಕೊಳವೆಯ ತಳದಿಂದ ತಳ್ಳಿ ತೆಗೆಯಲು ಸಣ್ಣ ಸಲಾಕೆ. ಒಳಗಿನ ಮಸಿ ಕೆರೆಯಲು ತಂತಿಯ ಕುಂಚ. ಕೊಳವೆಯ ಉದ್ದ ಅಳೆಯಲು ಉಕ್ಕಿನ ಅಳತೆಪಟ್ಟಿ. ಮದ್ದು ಹೊರಗೆ ಚೆಲ್ಲದಂತೆ ಸುರಿಯಲು ಆಲಿಕೆ. ಸಾಸಿವೆ ಕಾಳಿನಷ್ಟು ಹೆಚ್ಚುಕಡಿಮೆಯನ್ನೂ ತೋರಿಸುವ ಅಕ್ಕಸಾಲಿಗರ ತಕ್ಕಡಿ. ಗುಂಡು ಕೂರಿಸಿದ ಮೇಲೂ ಅನುಮಾನ ಬಂದರೆ, ಗುಂಡನ್ನು ಬಿಡಿಸಿ ಮದ್ದನ್ನು ಹೊರಗೆ ಸುರಿದು ನೋಡಲು ಒಂದು ಮರದ ಸುತ್ತಿಗೆ. ಮದ್ದಿನ ಡಬ್ಬಿಯನ್ನು ತೂಗಲೆಂದೇ ಬೇರೊಂದು ದೊಡ್ಡ ತಕ್ಕಡಿ.

ಐವತ್ತು ಕುಳಿಗಳಿದ್ದ ಒಂದು ಹಲಗೆಯೂ ಇತ್ತು. ಖಾಲಿ ಕೊಳವೆಗಳನ್ನು ಅದರಲ್ಲಿ ಬಾಯಿ ಕೆಳಗಾಗಿ ನಿಲ್ಲಿಸುತ್ತಿದ್ದ. ಒಂದೊಂದಾಗಿ ಎತ್ತಿ, ತೂಗಿದ ಮದ್ದನ್ನು ಸುರಿದು, ಬಾಯಿ ಮೇಲಾಗಿ ಅದೇ ಕುಳಿಯಲ್ಲಿ ಇಡುತ್ತಿದ್ದ. ಹೀಗೆ ಮಾಡಿದರೆ ಒಂದೇ ಕೊಳವೆಗೆ ಎರಡು ಸಲ ಮದ್ದು ಬೀಳುವುದಿಲ್ಲ. ಒಂದು ಅಳತೆಗೆ ಕಾಯಿ ಒಡೆಯುತ್ತದೆ. ಎರಡು ಅಳತೆಗೆ ಕೋವಿಯೇ ಒಡೆಯುತ್ತದೆ. ಕೈಯಲ್ಲಿರುವ ಕೊಳವೆಯ ಬಗ್ಗೆ ಅನುಮಾನ ಬಂದರೆ ಅದನ್ನು ಬರಿದು ಮಾಡಿ ಮೊದಲಿನಿಂದ ತೂಗಬೇಕು ಎಂಬ ನಿಯಮವನ್ನೂ ಅವನೇ ಮಾಡಿಕೊಂಡಿದ್ದ.

ಕೊನೆಯದಾಗಿ ಇನ್ನೊಂದು ಪದ್ಧತಿ. ಕೆಲಸಕ್ಕೆ ಕೂರುವ ಮೊದಲು ಮದ್ದಿನ ಡಬ್ಬಿಯನ್ನು ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸುತ್ತಿದ್ದ. ಐವತ್ತೂ ತುಂಬಿದ ಮೇಲೆ ಡಬ್ಬಿಯನ್ನು ಮತ್ತೆ ತೂಗುತ್ತಿದ್ದ. ಐವತ್ತು ಅಳತೆ ಕಡಿಮೆಯಾಗಿದ್ದರೆ ಸರಿ. ಐವತ್ತೊಂದು ಕಡಿಮೆಯಾಗಿದ್ದರೆ ಎಲ್ಲೋ ಒಂದರಲ್ಲಿ ಎರಡು ಬಿದ್ದಿದೆ.

ಒಂದು ವರ್ಷ ಪಂದ್ಯದ ದಿನವೇ ಅವನು ಕಾಡತೂಸು ತುಂಬುತ್ತ ಕುಳಿತಿದ್ದ. ಒಬ್ಬ ರೈತ ಬಂದ. ಇಬ್ಬರೂ ಚಿಕ್ಕಂದಿನಿಂದ ಗೆಳೆಯರು. ರೈತ ಮೇಜನ್ನು ನೋಡಿ ನಕ್ಕ.

"ಏನಯ್ಯಾ, ಹೊಡೆಯುವುದು ಒಂದು ತೆಂಗಿನಕಾಯಿ. ಅದಕ್ಕೆ ಇಷ್ಟೊಂದು ಪೂಜಾಸಾಮಗ್ರಿಯೇ? ನಿನ್ನ ಮದುವೆಗೂ ಇಷ್ಟು ಸಿದ್ಧತೆ ನಡೆದಿರಲಿಲ್ಲ."

"ಮದುವೆಯಲ್ಲಿ ತಪ್ಪಾದರೆ ಕೈ ಹೋಗುವುದಿಲ್ಲ," ಎಂದ ಮೋಜಣಿದಾರ.

"ಅದು ನಿನ್ನ ಹೆಂಡತಿಗೆ ಕೇಳಿಸದಿರಲಿ. ಬೇಗ ಮುಗಿಸು, ಅಲ್ಲಿ ಕಾಯಿ ಕಟ್ಟಿಯಾಗಿದೆ."

ಮೋಜಣಿದಾರ ನಗುತ್ತ ಎದ್ದು ಒಳಗೆ ಹೋಗಿ ಕಾಫಿ ತಂದ. ಗೆಳೆಯನಿಗೊಂದು ಲೋಟ ಕೊಟ್ಟು ಮತ್ತೆ ಮೇಜಿಗೆ ಬಂದಾಗ ಒಂದು ಕೊಳವೆ ಹಲಗೆಯ ಹೊರಗೆ, ತಕ್ಕಡಿಯ ಪಕ್ಕದಲ್ಲಿ ನಿಂತಿತ್ತು. ತಕ್ಕಡಿಯ ತಟ್ಟೆ ಖಾಲಿ ಇತ್ತು. ಏಳುವ ಮೊದಲು ಆ ಕೊಳವೆಗೆ ಮದ್ದು ಸುರಿದಿದ್ದೆನೇ ಇಲ್ಲವೇ ಎಂದು ಅವನು ಯೋಚಿಸಿದ. ನೆನಪಾಗಲಿಲ್ಲ. ಗೆಳೆಯ ಮಾತಾಡುತ್ತಲೇ ಇದ್ದ. ಸುರಿದಿರಲಾರೆ ಎಂದುಕೊಂಡು ಅವನು ಮದ್ದು ತೂಗಿ ಸುರಿದ. ಗುಂಡು ಕೂರಿಸಿದ. ಐವತ್ತೂ ಮುಗಿದವು. ಹೊರಡುವ ಅವಸರದಲ್ಲಿ ಡಬ್ಬಿಯನ್ನು ತೂಗಲಿಲ್ಲ.

ಪಂದ್ಯದಲ್ಲಿ ರೈತನ ಕೋವಿಯಿಂದ, ಮೋಜಣಿದಾರ ಕೊಟ್ಟ ಹನ್ನೊಂದು ಕಾಡತೂಸುಗಳು ಸರಿಯಾಗಿ ಹಾರಿದವು. ಹನ್ನೆರಡನೆಯದಕ್ಕೆ ನಳಿಗೆಯ ಬುಡ ಸಿಡಿಯಿತು. ರೈತನ ಒಂದು ಕಣ್ಣು ಹೋಯಿತು. ಬಲಗೈಯ ಮೂರು ಬೆರಳುಗಳು ಹೋದವು.

ಮೋಜಣಿದಾರ ಮನೆಗೆ ಬಂದು ಉಳಿದ ಮೂವತ್ತೆಂಟು ಕಾಡತೂಸುಗಳನ್ನು ಮೇಜಿನ ಮೇಲಿಟ್ಟ. ಊರಿನ ಹಿರಿಯರನ್ನು ಕರೆಸಿದ. ಅವರ ಎದುರಿನಲ್ಲೇ ಮರದ ಸುತ್ತಿಗೆಯಿಂದ ಒಂದೊಂದನ್ನೂ ಬಿಡಿಸಿ, ಮದ್ದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ತೋರಿಸಿದ. ಮೂವತ್ತೆಂಟೂ ಸರಿಯಾಗಿದ್ದವು. ಸಾಸಿವೆ ಕಾಳಿನಷ್ಟೂ ವ್ಯತ್ಯಾಸವಿರಲಿಲ್ಲ. ಹಿರಿಯರು ತಲೆದೂಗಿದರು. ಇಂಥ ಪ್ರಾಮಾಣಿಕನನ್ನು ನಾವು ಕಂಡಿಲ್ಲ ಎಂದರು.

ಮದ್ದಿನ ಡಬ್ಬಿ ಅದೇ ಮೇಜಿನ ಮೂಲೆಯಲ್ಲಿತ್ತು. ಅದನ್ನು ತೂಗು ಎಂದು ಅವರು ಹೇಳಲಿಲ್ಲ. ಆ ಪದ್ಧತಿ ಅವರಿಗೆ ತಿಳಿದಿರಲಿಲ್ಲ.

ಕಾಡತೂಸಿನಲ್ಲಿ ದೋಷವಿಲ್ಲವೆಂದ ಮೇಲೆ ದೋಷ ಕೋವಿಯಲ್ಲಿರಬೇಕು. ಹಿಂದಿನ ವರ್ಷ ಅದರ ನಳಿಗೆ ಬಿರುಕುಬಿಟ್ಟಿತ್ತು. ಊರಿನ ಮುದುಕ ಕಮ್ಮಾರ ಅದಕ್ಕೆ ಬೆಸುಗೆ ಹಾಕಿದ್ದ. ಮೊದಲು ಯಾರೋ, ಕಮ್ಮಾರನ ಕೈ ನಡುಗುತ್ತದೆ ಎಂದರು. ಇನ್ನೊಬ್ಬರು, ಆ ಕೋವಿ ಹಿಂದೆ ಬಸುರಿ ಜಿಂಕೆಯೊಂದನ್ನು ಕೊಂದಿತ್ತು, ಜಿಂಕೆ ಅತ್ತು ಶಾಪ ಹಾಕಿತ್ತು ಎಂದರು. ಮೂರನೆಯವರು ಎರಡನ್ನೂ ಸೇರಿಸಿದರು. ಶಾಪವಿದ್ದ ಕೋವಿಯನ್ನು ಕಮ್ಮಾರ ಅಮಾವಾಸ್ಯೆಯ ದಿನ, ದೀಪ ಹಚ್ಚದೆ, ಕುಲುಮೆಗೆ ಇಟ್ಟ ಎಂದರು. ಊರು ಅದನ್ನು ನಂಬಿತು. ಕಣ್ಣು ಕಳೆದುಕೊಂಡ ರೈತನೂ ನಂಬಿದ. ಯಾರೂ ಪಂಚಾಂಗ ತೆರೆಯಲಿಲ್ಲ.

ಮೋಜಣಿದಾರ ತೆರೆದ. ಅವನು ಜಿಂಕೆಯ ಶಾಪವನ್ನು ನಂಬುವವನಲ್ಲ. ಕಮ್ಮಾರ ಬೆಸುಗೆ ಹಾಕಿದ ದಿನ ಅವನಿಗೆ ನೆನಪಿತ್ತು. ಅಂದು ಸಪ್ತಮಿ. ಅವನು ಪಂಚಾಂಗವನ್ನು ಮುಚ್ಚಿ ಇಟ್ಟ.

ಕಮ್ಮಾರನ ಬಳಿಗೆ ಯಾರೂ ಕೋವಿ ತರಲಿಲ್ಲ. ಆಮೇಲೆ ಕುಡುಗೋಲು, ಗುದ್ದಲಿಗಳೂ ಬರುವುದು ನಿಂತಿತು. ಎರಡು ತಿಂಗಳ ಮೇಲೆ ಅವನು ಒಡೆದ ನಳಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೋಜಣಿದಾರನ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ. ಜಗಲಿಯ ಅಂಚಿನಲ್ಲಿ ನಿಂತ.

"ಮೋಜಣಿದಾರರೇ, ನನ್ನ ಕಣ್ಣು ಮಂಜಾಗಿದೆ. ಬೆರಳಿನಲ್ಲಿ ಸವರಿ ನೋಡಿದೆ. ಬೆಸುಗೆ ಹಾಗೇ ಇದೆ ಅನಿಸುತ್ತದೆ, ಒಡೆದದ್ದು ಪಕ್ಕದಲ್ಲಿ. ನೀವು ಅಳೆದು ನೋಡಿ. ನಿಮ್ಮ ಮಾತನ್ನು ಊರು ಒಪ್ಪುತ್ತದೆ. ಕೆಲಸ ಬರದಿದ್ದರೆ ಹೋಗಲಿ. ನಾನು ಒಬ್ಬನ ಕಣ್ಣು ತೆಗೆದೆನೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕು."

ಮೋಜಣಿದಾರ ನಳಿಗೆಯನ್ನು ಬೆಳಕಿಗೆ ಹಿಡಿದ. ಅಳತೆಪಟ್ಟಿಯಿಟ್ಟು ನೋಡಿದ. ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಆದರೆ ಬೆಸುಗೆ ಹಾಕುವಾಗಿನ ಬೆಂಕಿಯಿಂದ ಪಕ್ಕದ ಲೋಹ ಮೆತ್ತಗಾಗಿರಲೂಬಹುದು. ಆಗಿರದಿರಲೂಬಹುದು. ನಳಿಗೆ ಅದನ್ನು ಹೇಳುತ್ತಿರಲಿಲ್ಲ. ಡಬ್ಬಿ ಹೇಳುತ್ತಿತ್ತು. ಅದು ಒಳಗೆ, ಹತ್ತು ಹೆಜ್ಜೆ ದೂರದಲ್ಲಿತ್ತು.

"ಖಚಿತವಾಗಿ ಹೇಳಲಾಗದು," ಎಂದ.

"ನೀವೇ ಹೇಳಲಾಗದು ಎಂದರೆ ತಪ್ಪು ನನ್ನದೇ ಇರಬೇಕು," ಎಂದ ಕಮ್ಮಾರ. ನಳಿಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದ. ಅಲ್ಲಿಂದ ನೇರವಾಗಿ ರೈತನ ಮನೆಗೆ ಹೋಗಿ, ಅವನ ಕಾಲು ಹಿಡಿದು, ಮಾಡದ ತಪ್ಪಿಗೆ ಕ್ಷಮೆ ಕೇಳಿದ.

ಇಲ್ಲಿಗೆ ಬಂದಾಗ ಶಿಷ್ಯ ತಡೆದು ಕೇಳಿದ. "ಮಾಡದ ತಪ್ಪು ಎಂದಿರಿ. ಅದು ತಮಗೆ ಹೇಗೆ ತಿಳಿಯಿತು?"

"ಕತೆ ಇನ್ನೂ ಇದೆ," ಎಂದರು ಗುರುಗಳು.

ಕಮ್ಮಾರ ಕುಲುಮೆ ಆರಿಸಿದ. ತಿದಿಯ ಚರ್ಮವನ್ನು ಬಿಚ್ಚಿ ಯಾರಿಗೋ ಕೊಟ್ಟ. ರಸ್ತೆಯ ಕೆಲಸದಲ್ಲಿ ಜಲ್ಲಿ ಒಡೆಯಲು ಹೋದ. ಕಬ್ಬಿಣವನ್ನು ಬಾಗಿಸಿದ ಸುತ್ತಿಗೆಯಲ್ಲೇ ಕಲ್ಲು ಒಡೆದ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಸತ್ತ. ಶಾಪ ಅವನೊಂದಿಗೆ ತೀರಿತು ಎಂದು ಊರಿನವರು ಹೇಳಿದರು. ರೈತ ತನ್ನ ಒಂದೇ ಕಣ್ಣಿನಲ್ಲಿ ಅಳುತ್ತ, ಹೆಣಕ್ಕೆ ಹೆಗಲು ಕೊಟ್ಟ. ಮೋಜಣಿದಾರನೂ ಕೊಟ್ಟ.

ಹೆಣ ಸುಟ್ಟು ಬಂದು ಸ್ನಾನ ಮಾಡಿದ ಮೇಲೆ ಮೋಜಣಿದಾರ ಮೇಜಿನ ಮುಂದೆ ಕುಳಿತ. ಡಬ್ಬಿಯ ಮೇಲಿನ ಧೂಳು ಒರೆಸಿದ. ಚೀಟಿಯಲ್ಲಿ ತನ್ನ ಕೈಬರಹದ ತೂಕ ಹಾಗೇ ಇತ್ತು. ಡಬ್ಬಿಯನ್ನು ದೊಡ್ಡ ತಕ್ಕಡಿಯಲ್ಲಿ ಇಟ್ಟ. ಮುಳ್ಳು ತೂಗಾಡಿ ನಿಂತಿತು. ತೂಕ ಚೀಟಿಯಲ್ಲಿದ್ದದ್ದಕ್ಕಿಂತಲೂ ಹೆಚ್ಚಾಗಿತ್ತು.

ಅವನು ಮುಚ್ಚಳ ತೆಗೆದು ನೋಡಿದ. ಎರಡು ಮಳೆಗಾಲದ ತೇವ ಒಳಗಿಳಿದಿತ್ತು. ಮದ್ದು ನೀರು ಕುಡಿದು ಕರಿಯ ಹೆಂಟೆಯಾಗಿತ್ತು. ಐವತ್ತು ಹೋಗಿದ್ದರೂ, ಐವತ್ತೊಂದು ಹೋಗಿದ್ದರೂ, ಇನ್ನು ಅದನ್ನು ಹೇಳುವ ತಕ್ಕಡಿ ಇರಲಿಲ್ಲ. ಕಮ್ಮಾರ ನಿರಪರಾಧಿ ಎಂದು ಯಾರಿಗೂ ತೋರಿಸುವಂತಿರಲಿಲ್ಲ. ತನ್ನದೇ ತಪ್ಪು ಎಂದು ಹೇಳಲು ಹೋದರೂ ಊರು ನಂಬುವಂತಿರಲಿಲ್ಲ. ಆದರೂ ಅವನು ರೈತನ ಬಳಿಗೆ ಹೋಗಿ ಹೇಳಿದ. ರೈತ ಅವನ ಬೆನ್ನು ಸವರಿ, "ನೀನು ದೊಡ್ಡ ಮನುಷ್ಯ, ಸತ್ತವನ ಹೊರೆಯನ್ನೂ ಹೊರಲು ನೋಡುತ್ತೀಯ," ಎಂದು ಕಾಫಿ ಕೊಟ್ಟು ಕಳಿಸಿದ.

ಆಮೇಲೆ ಮೋಜಣಿದಾರ ಕಾಡತೂಸು ಮಾಡಲಿಲ್ಲ. ಆದರೆ ಸಾಯುವವರೆಗೂ ದಿನವೂ ಮೇಜಿನ ಮುಂದೆ ಕುಳಿತು, ಸಲಾಕೆ, ಕುಂಚ, ಆಲಿಕೆ, ಅಳತೆಪಟ್ಟಿಗಳನ್ನು ಒಂದೊಂದಾಗಿ ಒರೆಸಿ ಇಡುತ್ತಿದ್ದ. ಉಪಕರಣಗಳು ಹೊಳೆಯುತ್ತಿದ್ದವು.

ಗುರುಗಳು ಕತೆ ನಿಲ್ಲಿಸಿದರು.

ಕಮ್ಮಾರನಿಗಾಗಿ ಶಿಷ್ಯನಿಗೆ ದುಃಖವಾಗಿತ್ತು. ಮೋಜಣಿದಾರನನ್ನು ದೂರಲೂ ಮನಸ್ಸಾಗಲಿಲ್ಲ.

"ಗುರುಗಳೇ, ಕೊಳವೆಗೆ ಎರಡು ಸಲ ಮದ್ದು ಬಿತ್ತೆಂದು ಈಗಲೂ ಖಚಿತವಿಲ್ಲ. ಬೀಳದೆಯೂ ಇದ್ದಿರಬಹುದು. ಪಾಪ, ನಿಜ ಏನೆಂದು ಅವನಿಗೇ ಗೊತ್ತಿರಲಿಲ್ಲವಲ್ಲ," ಎಂದ.

ಗುರುಗಳು ಮೂಲೆಯಲ್ಲಿದ್ದ ಅವನ ಹಾಸಿಗೆಯ ಸುರುಳಿಯ ಕಡೆಗೆ ಒಮ್ಮೆ ನೋಡಿದರು.

"ಗೊತ್ತಿಲ್ಲದಿದ್ದರೆ ಅಂದೇ ತೂಗುತ್ತಿದ್ದನಪ್ಪಾ," ಎಂದರು.