ಅರಮನೆಯ ಕಡೆಯ ಗದ್ದೆ

"ಕೇಳಿರಿ! ಚಿತ್ತರಸರ ಹೊಸ ಅರಮನೆಯ ಯಂತ್ರಗಳನ್ನು ಸರಿಮಾಡಬಲ್ಲವರು ಬರಬಹುದು. ಮುಟ್ಟುವ ಮೊದಲು ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುತ್ತದೆ!"

ಡಂಗುರದವನು ಊರೂರಿಗೆ ಸಾರಿದ.

ಆ ಅರಮನೆ ತಾನೇ ನಡೆಯುವಂಥದು. ಸೆಕೆಯಾದರೆ ಕಿಟಕಿಗಳು ತಾವೇ ತೆರೆಯುತ್ತಿದ್ದವು. ಲಾವಂಚದ ತಡಿಕೆಗಳ ಮೇಲೆ ಕೆರೆಯ ನೀರು ತಾನೇ ಇಳಿಯುತ್ತಿತ್ತು. ಚಳಿಯಾದರೆ ಅಗ್ಗಿಷ್ಟಿಕೆಗೆ ಇದ್ದಿಲು ತಾನೇ ಬೀಳುತ್ತಿತ್ತು. ಮೂರನ್ನೂ ಮೂರು ನಾಡಿನ ಯಂತ್ರಗಾರರು ಮಾಡಿದ್ದರು. ಒಬ್ಬೊಬ್ಬರೂ ಗಟ್ಟಿಗರೇ. ಮಾಡಿದರು, ಮರ್ಯಾದೆ ಪಡೆದರು, ಹೋದರು.

ಅಂದಿನಿಂದ ಅರಸನಿಗೆ ನಿದ್ದೆಯಿಲ್ಲ. ಒಂದು ಗಳಿಗೆ ಬೆವರು, ಒಂದು ಗಳಿಗೆ ನಡುಕ. ಮುದುಕನ ಎದೆಯಲ್ಲಿ ಕಫ ಕಟ್ಟಿತು. ವೈದ್ಯರು ಕೈಚೆಲ್ಲಿದರು. ಹಳೆಯ ಅರಮನೆಗೆ ಹೋಗೋಣ ಎಂದರೆ ಕೇಳಲಿಲ್ಲ. ಕಟ್ಟಿಸಿದವನು ತಾನಲ್ಲವೆ. ಸರಿಮಾಡಲು ಬಂದವರೆಲ್ಲ ಇನ್ನೊಂದು ಚಕ್ರ ಕೂಡಿಸಿ ಕೆಡಿಸಿ ಹೋದರು. ಅದಕ್ಕೇ ಪದ್ಮಲೆ ತಲೆಯ ಷರತ್ತು ಹಾಕಿದಳು.

ಮೊದಲು ಪಕ್ಕದ ನಾಡಿನ ಅರಸುಮಗ ಬಂದ.

ಪದ್ಮಲೆ ಕೇಳಿದಳು: "ಒಂದು ಮನೆಯಲ್ಲಿ ಮೂವರು ಆಳುಗಳು. ಸೋಮಾರಿಗಳಲ್ಲ, ಕಳ್ಳರಲ್ಲ. ಹೇಳಿದ್ದನ್ನು ತಪ್ಪದೆ ಮಾಡುತ್ತಾರೆ. ಅವರು ದುಡಿದಷ್ಟೂ ಮನೆ ಹಾಳು. ಯಾರವರು?"

"ನಿಮ್ಮ ಮೂವರು ಮಂತ್ರಿಗಳು" ಎಂದ.

ಸಭೆ ನಕ್ಕಿತು. ಮಂತ್ರಿಗಳು ನಗಲಿಲ್ಲ. ಅರಸುಮಗ ಸೆರೆಗೆ ಹೋದ.

ಎರಡನೆಯವನು ಯಂತ್ರಗಾರ ನಾಗೋಜ. ದೊಡ್ಡ ಹೆಸರು. ಗಾಡಿಯಲ್ಲಿ ಹಿತ್ತಾಳೆಯ ಚಕ್ರವೊಂದನ್ನು ಹೇರಿಕೊಂಡೇ ಬಂದಿದ್ದ.

"ಆ ಮೂವರು ಕಿಟಕಿ, ನೀರು, ಬೆಂಕಿ" ಎಂದ. ಸರಿಯಾಗಿತ್ತು.

"ಎರಡನೆಯದು. ನಿಂಬೆಹಣ್ಣಿನಷ್ಟು ಗಾತ್ರ. ಎಂದೂ ಸುಳ್ಳು ಹೇಳುವುದಿಲ್ಲ. ಆದರೂ ಅದರ ಮಾತು ಕೇಳಿದವರು ಮೋಸಹೋಗುತ್ತಾರೆ. ಏನದು?"

ನಾಗೋಜ ತನ್ನ ಗಾಡಿ ನೋಡಿದ. "ಚಕ್ರದ ನಡುವಿನ ಗುಬುಟು. ಹಳೆಯದು ಸವೆದಿದೆ. ದೊಡ್ಡದು ತಂದಿದ್ದೇನೆ."

ಅವನೂ ಸೆರೆಗೆ ಹೋದ. ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು.

ಮೂರನೆಯವನು ಓಬಳ. ಕೆರೆಯ ನೀರಗಂಟಿ, ಎಂದರೆ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವವನು. ಕಾಲಿನ ಕೆಸರು ಒಣಗಿರಲಿಲ್ಲ.

"ನಿನಗೇನಯ್ಯ ಇಲ್ಲಿ ಕೆಲಸ?" ಎಂದ ಬಾಗಿಲವನು.

"ನಿಮ್ಮ ತಡಿಕೆ ಹಗಲೂ ರಾತ್ರಿ ನಮ್ಮ ಕೆರೆ ಕುಡೀತಾ ಇದೆ. ಕಡೇ ಗದ್ದೆಗೆ ನೀರು ಏರ್ತಿಲ್ಲ."

"ಕಡೇ ಗದ್ದೆ ಯಾರದು?"

"ನಂದೇ."

"ಗದ್ದೆಗೋಸ್ಕರ ತಲೆ ಕೊಡ್ತೀಯಾ?"

"ಗದ್ದೆ ಒಣಗಿದ ಮೇಲೆ ತಲೆ ಇಟ್ಕೊಂಡು ಏನ್ಮಾಡ್ಲಿ?"

ಒಳಗೆ ಬಿಟ್ಟರು.

ಮೊದಲ ಒಗಟು ಕೇಳಿ ಓಬಳ ಮಾಡಿನ ಕಡೆ ಕೈ ತೋರಿದ. "ಅಮ್ಮಣ್ಣೀ, ಮೇಲೆ ಹೊಗೆ ಏಳ್ತಿದೆ. ಕೆಳಗೆ ಮೋರೀಲಿ ನೀರು ಹರೀತಿದೆ. ನಡುವೆ ಕಿಟಕಿ ತೆಗೆದಿದೆ. ಅವೇ ಮೂವರು ಆಳು. ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿಲ್ಲ."

ಎರಡನೆಯದಕ್ಕೆ ಅವನು ಅರಮನೆ ಸುತ್ತಲು ಅಪ್ಪಣೆ ಕೇಳಿದ.

"ಯಂತ್ರ ಮುಟ್ಟಬಾರದು" ಎಂದಳು.

"ಯಂತ್ರ ಮುಟ್ಟಲ್ಲ. ಗೋಡೆ ಮುಟ್ತೀನಿ."

ಕೋಣೆಕೋಣೆಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡಿದ. ಹಿಂತಿರುಗಿ ಹೇಳಿದ: "ಗೋಡೇಲಿ ಕೂರಿಸಿರೋ ತಾಮ್ರದ ಗುಂಡು. ಬೆಸುಗೇಲಿ ಜಿನುಗಿದೆ, ಒಳಗೆ ಎಣ್ಣೆ ಇದೆ. ಬಿಸಿಗೆ ಉಬ್ಬುತ್ತೆ, ತಣ್ಣಗಾದ್ರೆ ಕುಗ್ಗುತ್ತೆ, ಹಗ್ಗ ಎಳೆಯುತ್ತೆ. ಕಿಟಕಿ ಗುಂಡೂ ನೀರಿನ ಗುಂಡೂ ಪಡುವಣ ಗೋಡೇಲಿ, ಬಿಸಿಲಲ್ಲಿವೆ. ಕಾದ ಗೋಡೆ ರಾತ್ರೀನೂ ಆರಲ್ಲ, ಅವು ಸೆಕೆ ಅನ್ನುತ್ವೆ. ಬೆಂಕೀದು ಒದ್ದೆ ತಡಿಕೆ ಹಿಂದೆ ಇದೆ. ಅದು ಚಳಿ ಅನ್ನುತ್ತೆ. ಎಲ್ಲಾ ತಾವಿರೋ ಜಾಗದ ನಿಜಾನೇ ಹೇಳ್ತವೆ. ಅರಸು ಬುದ್ಧಿಯೋರು ಮಲಗಿರೋ ಜಾಗದ್ದು ಯಾವುದೂ ಹೇಳಲ್ಲ."

ಸರಿಯಾಗಿತ್ತು. ಪದ್ಮಲೆಯ ದನಿ ತಗ್ಗಿತು.

"ಮೂರನೆಯದು. ಆ ಮೂವರು ಆಳುಗಳಿಗೆ ಒಬ್ಬ ಯಜಮಾನ ಬೇಕು. ಅವನು ಎಲ್ಲಿ ಕೂತರೆ ಮನೆ ನೆಟ್ಟಗಾಗುತ್ತದೆ? ಉತ್ತರ ನನಗೂ ತಿಳಿಯದು. ನೀನು ಹೇಳಿದಂತೆ ಮಾಡಿ ಅಪ್ಪ ನಿದ್ದೆಹೋದರೆ ಉತ್ತರ ಸರಿ. ಇಲ್ಲದಿದ್ದರೆ ತಪ್ಪು."

ಓಬಳ ಒಳಕೋಣೆಯಲ್ಲಿದ್ದ ಅರಸನ ಮಂಚದ ಕಡೆ ಕೈ ತೋರಿದ. "ಅಲ್ಲಿ. ತಲೆದಿಂಬಿನ ಪಕ್ಕ ಒಂದೇ ಗುಂಡು ಕಟ್ಟಿ. ಅದರದೊಂದೇ ಹಗ್ಗ ಮೂರು ಚಕ್ರಕ್ಕೂ ಹೋಗ್ಲಿ. ಸರದಿ ಇರ್ಲಿ. ಸೆಕೆಗೆ ಮೊದಲು ಕಿಟಕಿ. ಸಾಲದಿದ್ರೆ ನೀರು. ತಣ್ಣಗಾದ್ರೆ ನೀರು ನಿಲ್ಬೇಕು, ಕಿಟಕಿ ಮುಚ್ಬೇಕು. ಆಮೇಲೇ ಇದ್ದಿಲು. ಬೆಂಕಿ ಇದ್ದಾಗ ನೀರಿಲ್ಲ."

"ಕಟ್ಟು ಮತ್ತೆ."

"ನಂಗೆ ಯಂತ್ರ ಬರಲ್ಲ. ನಾಗೋಜರು ಬೇಕು."

ನಾಗೋಜನನ್ನು ಸೆರೆಯಿಂದ ಕರೆತಂದರು. ಓಬಳನ ಮಾತು ಕೇಳಿದ. ಹಣೆ ಚಚ್ಚಿಕೊಂಡ. ಹಗ್ಗ ಬಿಚ್ಚತೊಡಗಿದ. ಹೊಸ ಚಕ್ರ ಗಾಡಿಯಲ್ಲೇ ಉಳಿಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಓಬಳ ಮಂಚದ ಕಾಲ ಬಳಿ ಕೂತ. ಬಾಗಿಲಲ್ಲಿ ಕತ್ತಿಯವನು ನಿಂತ. ಕಿಟಕಿ ಅರ್ಧ ತೆರೆಯಿತು. ತಡಿಕೆಯ ಮೇಲೆ ನೀರು ಸ್ವಲ್ಪ ಹೊತ್ತು ಇಳಿದು ನಿಂತಿತು. ಹೊಗೆ ಏಳಲಿಲ್ಲ. ಅರಸ ಎರಡು ಸಲ ಕೆಮ್ಮಿದ. ಮಗ್ಗುಲಾದ. ಆಮೇಲೆ ಗೊರಕೆ ಕೇಳಿಸಿತು.

ಪದ್ಮಲೆ ಕಣ್ಣೊರೆಸಿಕೊಂಡಳು. ಕತ್ತಿಯವನು ಸದ್ದಿಲ್ಲದೆ ಹೋದ.

ಸಂಜೆ ಎದ್ದ ಅರಸ ಗಂಜಿ ಕೇಳಿ ಕುಡಿದ. ಓಬಳನನ್ನು ಕರೆದ. "ಯಾರು ಕಲಿಸಿದರಪ್ಪ ಇದನ್ನ?"

"ಯಾರೂ ಇಲ್ಲ ಬುದ್ಧೀ. ನಮ್ಮೂರಲ್ಲಿ ನೀರಗಂಟಿಗೆ ಕಡೇ ಗದ್ದೇನೇ ಕೊಡೋದು. ಎಲ್ಲರಿಗೂ ನೀರು ಮುಟ್ಟಿದ ಮೇಲೇ ಅವನಿಗೆ. ತೂಬಿನ ಹತ್ರ ನಿಂತೋನಿಗೆ ನೀರು ಕಾಣುತ್ತೆ, ಪೈರು ಕಾಣಲ್ಲ. ಈ ಅರಮನೇಲಿ ಕಡೇ ಗದ್ದೆ ನಿಮ್ಮ ಮಂಚ."

"ತೂಬಿನ ಪಕ್ಕದ ಹತ್ತು ಗದ್ದೆ ನಿನಗೆ ಬರೆದುಕೊಡುತ್ತೇನೆ."

"ಬೇಡಿ. ಅಲ್ಲಿ ಕೂತ್ರೆ ನಾನು ಕೆಟ್ಟೆ. ಆ ಅರಸುಮಗನನ್ನೂ ನಾಗೋಜರನ್ನೂ ಬಿಟ್ಟುಬಿಡಿ. ಕಡೇ ಗದ್ದೇನೇ ಇರ್ಲಿ." ತಲೆ ಕೆರೆದುಕೊಂಡ. "ಒಂಚೂರು ಅಗಲ ಮಾಡಿಕೊಡಿ."

ಅರಸ ನಕ್ಕ. ಕೆಮ್ಮು ಬರಲಿಲ್ಲ.

ಇಬ್ಬರನ್ನೂ ಬಿಟ್ಟರು. ಓಬಳನ ಗದ್ದೆ ಮೂರು ಪಟ್ಟು ಅಗಲವಾಯಿತು. ನಾಗೋಜ ಅರಮನೆಯಲ್ಲೇ ಯಂತ್ರ ನೋಡಿಕೊಂಡು ಉಳಿದ. ಅವನ ಮಂಚವನ್ನು ಪದ್ಮಲೆ, ತಂಪೂ ಬಿಸಿಯೂ ಎಲ್ಲರಿಗಿಂತ ಕೊನೆಗೆ ಮುಟ್ಟುವ ಅರಮನೆಯ ಕಡೆಯ ಕೋಣೆಯಲ್ಲಿ ಹಾಕಿಸಿದಳು.