ಊರಿಗೆ ಹೋಗಿ ಬಂದ ಖರ್ಜೂರ

ಮಸ್ಕತ್ತಿನ ಬಾಡಿಗೆ ಮನೆಯಂಗಳದಲ್ಲಿ ಕುಂದಾಪುರದ ಜಲಜಾಕ್ಷಿ ಏಣಿ ಹತ್ತಿ ಹಸಿ ಖರ್ಜೂರದ ಗೊನೆ ಕೊಯ್ದಳು. ಗಂಡ ಒಂದನ್ನು ಬಾಯಿಗಿಡಲು ಹೋದ.

"ಕೆಳಗಿಡಿ! ಅದು ಊರಿನವರಿಗೆ."

ಅಷ್ಟೂ ಹಣ್ಣು ಸೂಟ್‌ಕೇಸಿನ ಹೊಟ್ಟೆ ಸೇರಿತು.

ತಿಂಗಳ ಬಳಿಕ ಸೂಟ್‌ಕೇಸು ಅದೇ ಅಂಗಳದಲ್ಲಿ ಬಾಯಿ ತೆರೆಯಿತು. ಹಪ್ಪಳಗಳ ನಡುವಿನಿಂದ ಸುಕ್ಕುಗಟ್ಟಿದ ಖರ್ಜೂರವೊಂದು ಇಣುಕಿತು.

"ನಿನ್ನನ್ನು ಯಾರೂ ತಿನ್ನಲಿಲ್ಲವೇ?" ಅಂಗಳದ ಖರ್ಜೂರದ ಮರ ಕೇಳಿತು.

"ಜಲಜಾಕ್ಷಿಯ ಅತ್ತೆ ನನ್ನನ್ನು ಮಗಳಿಗೆ ಕೊಟ್ಟರು. ಮಗಳು ಚಿಕ್ಕಮ್ಮನಿಗೆ ದಾಟಿಸಿದಳು. ಚಿಕ್ಕಮ್ಮ, 'ಪಾಪ, ಪರದೇಶದಲ್ಲಿ ಮಕ್ಕಳಿಗೆ ಏನು ಸಿಗುತ್ತದೆ' ಎಂದು ಮರುಗಿ ಜಲಜಾಕ್ಷಿಗೇ ಕಟ್ಟಿಕೊಟ್ಟರು."

ಅಷ್ಟರಲ್ಲಿ ಗಂಡ ಮತ್ತೆ ಕೈಚಾಚಿದ.

"ಮುಟ್ಟಬೇಡಿ!" ಎಂದಳು ಜಲಜಾಕ್ಷಿ. "ಅಪರೂಪಕ್ಕೆ ಊರಿನ ಖರ್ಜೂರ ಬಂದಿದೆ. ಯಾರಾದರೂ ಮನೆಗೆ ಬಂದರೆ ಕೊಡಲು ಬೇಕು."