ಮಾಳಿಗೆ ಮೇಲೆ ಮೆಂತ್ಯೆ ಬಿತ್ತಿದ ದುಂಡವ್ವ

ಬಹಳ ಹಿಂದಿನ ಮಾತು. ನನಗೆ ಹೇಳಿದ ನಮ್ಮಜ್ಜಿಯೂ ಕಣ್ಣಾರೆ ಕಂಡವಳಲ್ಲ, ಅವಳಿಗೆ ಹೇಳಿದವರೂ ಕಂಡವರಲ್ಲ. ಎರೆಮಣ್ಣಿನ ಬಯಲ ನಡುವೆ ಕೆಂಚಿನಹಾಳ ಅಂತ ಒಂದು ಊರಿತ್ತು. ಊರ ಸುತ್ತ ಮಣ್ಣಿನ ದಪ್ಪ ಗೋಡೆ, ಗೋಡೆಗೊಂದು ದೊಡ್ಡ ಬಾಗಿಲು, ಒಂದು ಮೂಲೆಯಲ್ಲಿ ಹುಡೇವು, ಅಂದರೆ ದುಂಡನೆಯ ಎತ್ತರದ ಕಾವಲು ಬುರುಜು. ಹುಡೇವಿನ ಮೇಲೆ ನಿಂತು ನೋಡಿದರೆ ಇಡೀ ಬಯಲು ಕಾಣುತ್ತಿತ್ತು. ಯಾರ ದಂಡು ಎತ್ತ ಹೊರಟಿದೆ ಅಂತ ಅಲ್ಲಿ ನಿಂತವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಆ ಊರಲ್ಲಿ ದುಂಡವ್ವ ಅಂತ ಒಬ್ಬಳು ಇದ್ದಳಂತೆ.

ದುಂಡವ್ವ ಸೊಸೆಯಾಗಿ ಬಂದ ದಿನ, ಬಂಗಾರ ಏನು ತಂದೀ ಅಂತ ಅತ್ತೆ ಕೇಳಿದಳಂತೆ. ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳಂತೆ. ಗಂಟಿನ ತುಂಬ ಬೀಜ. ಹೀರೆ, ಸೋರೆ, ಪುಂಡಿ, ರಾಜಗಿರಿ, ಮುಳ್ಳುಬದನೆ. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಹೀರೇಬಳ್ಳಿ ಕಾಯಿ ಬಿಡುವ ತನಕ ಸೊಸೆಯ ಜೊತೆ ಮಾತೇ ಆಡಲಿಲ್ಲವಂತೆ. ಕಾಯಿ ಬಿಟ್ಟಿತು, ಪಲ್ಯ ಆಯಿತು, ಅತ್ತೆ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಮಾತಾಡಿದಳಂತೆ. ಆಡಿದ ಮಾತು ಒಂದೇ, "ಇನ್ನೊಂದೀಟ ಹಾಕಬೇ."

ದುಂಡವ್ವನ ಹಿತ್ತಲ ಅಂದರೆ ಎರಡು ಎತ್ತು ಕಟ್ಟುವಷ್ಟು ಜಾಗ. ಅಷ್ಟರಲ್ಲೇ ಅವಳು ಊರಿಗೆಲ್ಲ ಸಾಲುವಷ್ಟು ಬೆಳೆಯುತ್ತಿದ್ದಳಂತೆ. ಮೈ ತೊಳೆದ ನೀರು, ಪಾತ್ರೆ ತೊಳೆದ ನೀರು, ಬೇಳೆ ತೊಳೆದ ನೀರು, ಒಂದು ಹನಿಯೂ ಬೀದಿಗೆ ಹೋಗುತ್ತಿರಲಿಲ್ಲ. ಅವಳ ಬಳೆ ಸದ್ದಾದರೆ ಬದನೆಗಿಡ ಆ ಕಡೆ ವಾಲುತ್ತಿತ್ತು ಅಂತಾರೆ. ಅವಳು ಒಗ್ಗರಣೆ ಹಾಕಿದರೆ ಬೀದಿಯಲ್ಲಿ ಹೋಗುವ ಎತ್ತು ನಿಂತುಬಿಡುತ್ತಿತ್ತು ಅಂತಾರೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅವಳ ಅಡುಗೆಯಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಆಗಲೇ ಕಿತ್ತದ್ದು, ಆಗಲೇ ಬೇಯಿಸಿದ್ದು, ಬಿಸಿ ಇರುವಾಗಲೇ ಬಡಿಸಿದ್ದು. ಮತ್ತೆ ಒಂದು ಗುಣ ಇತ್ತು, ಯಾರಾದರೂ ಒಣ ರೊಟ್ಟಿ ತಿನ್ನುತ್ತಾ ಕೂತದ್ದು ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ. ಗುರುತಿರಲಿ, ಇರದಿರಲಿ, ಹೋಗಿ ಬೈದು, ಪಕ್ಕದಲ್ಲಿ ಒಂದು ಹಿಡಿ ಪಲ್ಯ ಇಟ್ಟು ಬರುತ್ತಿದ್ದಳು.

ಹೀಗಿರುವಾಗ ಒಂದು ಬೇಸಿಗೆ, ಜೋಳದ ರಾಶಿ ಮುಗಿದ ಮೇಲೆ, ಜಡೆಯಪ್ಪ ನಾಯಕ ಅನ್ನುವವನು ದಂಡು ಕಟ್ಟಿಕೊಂಡು ಬಂದ. ಅವನಿಗೆ ಆ ಹುಡೇವು ಬೇಕಿತ್ತು. ಬಾಗಿಲಿನ ಕೀಲಿ ನನಗೆ ಕೊಟ್ಟು, ನೀವೆಲ್ಲ ಊರು ಬಿಟ್ಟು ಹೋಗಿ ಅಂತ ಹೇಳಿ ಕಳಿಸಿದ. ಊರ ಗೌಡ ನಿಂಗನಗೌಡ ಆಗೋದಿಲ್ಲ ಅಂದ. ದಂಡಿನವರು ಗೋಡೆ ಏರಲು ನೋಡಿದರು, ಮೇಲಿಂದ ಕಲ್ಲು ಉರುಳಿದವು. ಮತ್ತೆ ಏರಿದರು, ಮತ್ತೆ ಕಲ್ಲು ಉರುಳಿದವು. ಆಗ ನಾಯಕ ನಕ್ಕನಂತೆ. ಗೋಡೆ ಏರುವುದೇ ಬೇಡ, ಸುತ್ತ ಕೂತರಾಯಿತು, ಹಸಿವೇ ಬಾಗಿಲು ತೆಗೆಯುತ್ತದೆ ಅಂತ ಹೇಳಿ ಡೇರೆ ಹೊಡೆಸಿದ.

ಊರೊಳಗೆ ಜೋಳಕ್ಕೆ ಕೊರತೆ ಇರಲಿಲ್ಲ. ನೆಲದೊಳಗೆ ತೋಡಿದ ಹಗೇವುಗಳ ತುಂಬ ಜೋಳ ಇತ್ತು, ಬಾವಿಯಲ್ಲಿ ನೀರಿತ್ತು, ಗಾಣಿಗರ ಕೊಡಗಳಲ್ಲಿ ಕುಸುಬಿ ಎಣ್ಣೆ ಇತ್ತು. ಆದರೆ ಹೊಲ, ತೋಟ ಎಲ್ಲ ಗೋಡೆಯಾಚೆ. ಮೊದಲು ಕಾಯಿಪಲ್ಯ ಮುಗಿಯಿತು. ಆಮೇಲೆ ಬೇಳೆ ಮುಗಿಯಿತು, ಉಳ್ಳಾಗಡ್ಡಿ ಮುಗಿಯಿತು, ಖಾರ ಮುಗಿಯಿತು. ಉಳಿದದ್ದು ರೊಟ್ಟಿ, ಉಪ್ಪು. ಬೆಳಿಗ್ಗೆ ರೊಟ್ಟಿ ಉಪ್ಪು, ಸಂಜೆ ರೊಟ್ಟಿ ಉಪ್ಪು. ದುಂಡವ್ವ ತನ್ನ ಹಿತ್ತಲದ್ದನ್ನೆಲ್ಲ ಕಿತ್ತು ಹಂಚಿದಳು. ಒಂದು ಹಿತ್ತಲ ಇಡೀ ಊರಿಗೆ ಎಷ್ಟು ದಿನ ಬಂದೀತು? ಮಕ್ಕಳು ರೊಟ್ಟಿ ಕಂಡರೆ ಮುಖ ತಿರುಗಿಸತೊಡಗಿದವು. ದೊಡ್ಡವರ ಒಸಡಿನಲ್ಲಿ ರಕ್ತ ಬಂತು. ಮಂದಿ ಗೋಡೆ ಕಾಯುತ್ತ ಕಾಯುತ್ತ ಕೂತಲ್ಲೇ ತೂಕಡಿಸಿದರು. ಹೊಟ್ಟೆ ತುಂಬಿದ್ದರೂ ಊರು ಬಾಡಿತು.

ಕಡೆಗೆ ಕಟ್ಟೆಯ ಮೇಲೆ ಎಲ್ಲ ಸೇರಿದರು. ನಿಂಗನಗೌಡ ಕೀಲಿಯನ್ನು ಕೈಯಲ್ಲಿ ಹಿಡಿದೇ ಬಂದಿದ್ದ. ಅವನ ಕಣ್ಣಲ್ಲಿ ನೀರಿತ್ತಂತೆ. ಮಕ್ಕಳ ಮುಖ ನೋಡಲಾಗದು, ಕೀಲಿ ಕೊಟ್ಟು ಹೋಗೋಣ ಅಂದ. ಯಾರೂ ಬೇಡ ಅನ್ನಲಿಲ್ಲ. ಆಗ ದುಂಡವ್ವ ಹೆಂಗಸರ ನಡುವಿನಿಂದ ಎದ್ದು ಮುಂದೆ ಬಂದಳು.

"ಗೌಡ್ರ, ಮೆಂತ್ಯೆ ಚಿಗಿಯೂ ತನಕ ತಡೀರಿ. ಅಷ್ಟ ಸಾಕು."

"ಎಲ್ಲಿ ಬಿತ್ತತೀಯವ್ವಾ? ಊರಾಗ ಬರೇ ಮನಿ ಅದಾವು," ಅಂದ ಗೌಡ.

ದುಂಡವ್ವ ಕೈ ಎತ್ತಿ ಮೇಲೆ ತೋರಿಸಿದಳು. "ಮನಿ ಅದಾವಂದ್ರ ಮಾಳಿಗಿ ಅದಾವಲ್ರಿ."

ಆ ಕಡೆಯ ಮನೆಗಳು ನಿಮಗೆ ಗೊತ್ತಲ್ಲ. ಹೆಂಚಿಲ್ಲ, ಹುಲ್ಲಿಲ್ಲ, ಮೇಲೆ ಸಪಾಟು ಮಣ್ಣಿನ ಮಾಳಿಗೆ. ಒಂದು ಮನೆಯ ಮಾಳಿಗೆಯಿಂದ ಇನ್ನೊಂದರ ಮಾಳಿಗೆಗೆ ನಡೆದುಕೊಂಡೇ ಹೋಗಬಹುದು. ಊರಿನ ತಲೆಯ ಮೇಲೆ ಒಂದು ದೊಡ್ಡ ಹೊಲವೇ ಬಿದ್ದಿತ್ತು. ಯಾರ ಕಣ್ಣಿಗೂ ಅದು ಹೊಲವಾಗಿ ಕಂಡಿರಲಿಲ್ಲ, ಅಷ್ಟೇ.

ದುಂಡವ್ವ ತನ್ನ ಬೀಜದ ಗಡಿಗೆಗಳನ್ನೆಲ್ಲ ಕಟ್ಟೆಗೆ ತಂದು ಬೋರಲು ಹಾಕಿದಳು. ತನಗೆ ಅಂತ ಒಂದು ಕಾಳೂ ಇಟ್ಟುಕೊಳ್ಳಲಿಲ್ಲವಂತೆ. ದನದ ಕೊಟ್ಟಿಗೆಯಿಂದ ಗೊಬ್ಬರ ಮೇಲೇರಿತು, ಗೋಡೆ ಬುಡದ ಮಣ್ಣು ಮೇಲೇರಿತು. ಗಂಡಸರು ಬುಟ್ಟಿ ಹೊತ್ತರು, ಹೆಂಗಸರು ಪಾತಿ ಮಾಡಿದರು. ಗೌಡನ ತಾಯಿ ಗಿರಿಮಲ್ಲವ್ವ ಮಾತ್ರ ತನ್ನ ಮನೆಯ ಏಣಿಗೆ ಅಡ್ಡ ನಿಂತಳು. ಊರಲ್ಲೇ ದೊಡ್ಡ ಮಾಳಿಗೆ ಅವಳದು. ನೀರು ಹಾಕಿದರೆ ಸೋರುತ್ತದೆ, ನಮ್ಮ ಮನೆ ಕೆಡಿಸಬೇಡಿ ಅಂದಳು. ದುಂಡವ್ವ ಜಗಳಕ್ಕೆ ಹೋಗಲಿಲ್ಲ. ಉಳಿದ ಮಾಳಿಗೆಗಳ ಮೇಲೆ ಬಿತ್ತಿದಳು.

ಆಮೇಲೆ ಇಡೀ ಊರು ಮೇಲೆ ನೋಡುತ್ತಾ ಬದುಕಿತು. ಬೆಳಿಗ್ಗೆ ಎದ್ದವರು ಮುಖ ತೊಳೆದ ನೀರನ್ನು ಏಣಿ ಹತ್ತಿಸಿ ಪಾತಿಗೆ ಹಾಕುತ್ತಿದ್ದರು. ಬಾವಿಯಿಂದ ಮಾಳಿಗೆಯ ತನಕ ಕೊಡಗಳು ಕೈಯಿಂದ ಕೈಗೆ ಹೋದವು. ಒಂದು ಬೆಳಿಗ್ಗೆ ಯಾರೋ ಮೇಲಿಂದ ಕೂಗಿದರು, "ಬಂತರ್ಯೋ! ಮೆಂತ್ಯೆ ಬಂತು!" ಮಂದಿ ಓಡಿ ಹೋಗಿ ಏಣಿ ಹತ್ತಿದರು. ಕಪ್ಪು ಮಣ್ಣಲ್ಲಿ ಎರಡೆರಡೇ ಎಲೆಯ ಹಸಿರು. ಗಂಡಸರು ಮಂಡಿಯೂರಿ ಕೂತು ಅದನ್ನು ನೋಡಿದರು ಅಂತಾರೆ. ಗೌಡ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡ. ಆವತ್ತಿನಿಂದ ಕೀಲಿಯ ಮಾತು ಯಾರೂ ಎತ್ತಲಿಲ್ಲ.

ಎಳೆ ಮೆಂತ್ಯೆಯನ್ನು ಬೇಯಿಸಲಿಲ್ಲ. ಹಸಿಯಾಗಿಯೇ ಉಪ್ಪು, ಹಸಿ ಎಣ್ಣೆ ಹಾಕಿ ಕಲಸಿ, ಬಿಸಿ ರೊಟ್ಟಿಯ ಮೇಲೆ ಇಟ್ಟು ದುಂಡವ್ವ ಮನೆಮನೆಗೆ ಕೊಟ್ಟಳು. ಒಂದೊಂದೇ ಚಿಟಿಕೆ. ಗಿರಿಮಲ್ಲವ್ವನ ಮೊಮ್ಮಗಳು ಊಟ ಬಿಟ್ಟು ಮಲಗಿದ್ದಳಂತೆ. ಆ ರೊಟ್ಟಿಯನ್ನು ಮೂಸಿ ನೋಡಿ ಎದ್ದು ಕೂತಳು. ತಿಂದಳು. ಇನ್ನೊಂದು ಬೇಕು ಅಂದಳು. ಗಿರಿಮಲ್ಲವ್ವ ಹೊರಗೆ ಬಂದಳು, ತಾನೇ ಏಣಿಯನ್ನು ಗೋಡೆಗೆ ಒರಗಿಸಿದಳು.

"ಬಾ ದುಂಡಿ, ಹತ್ತು. ಸೋರಿದ್ರ ಸೋರಲೇಳು, ಬೋಗಾಣಿ ಇಡತೇನಿ."

ಅಲ್ಲಿಂದ ಊರು ಹಿಂದೆ ನೋಡಲಿಲ್ಲ. ಪುಂಡಿ ಬಂತು, ರಾಜಗಿರಿ ಬಂತು, ಮೆಣಸಿನಗಿಡ ಕಾಯಿ ಬಿಟ್ಟಿತು. ದುಂಡವ್ವ ಪುಂಡಿ ಸೊಪ್ಪಿಗೆ ಜೋಳದ ನುಚ್ಚು ಹಾಕಿ ಕುದಿಸಿ, ಮಾಳಿಗೆಯಲ್ಲೇ ಚಿಗಿತ ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟಳು. ಎಳೆ ಬದನೆಯನ್ನು ನಾಲ್ಕಾಗಿ ಸೀಳಿ ಗಾಣಿಗರ ಮನೆಯಲ್ಲಿ ಸಿಕ್ಕ ಗುರೆಳ್ಳಿನ ಪುಡಿ ತುಂಬಿ ಎಣ್ಣೆಯಲ್ಲಿ ಬಾಡಿಸಿದಳು. ಒಬ್ಬಳು ಮಾಡಿದ್ದನ್ನು ನೋಡಿ ಎಲ್ಲ ಮನೆಯವರೂ ಮಾಡಿದರು. ಹೀರೇಬಳ್ಳಿ ಮಾಳಿಗೆ ದಾಟಿ, ಗೋಡೆ ಹತ್ತಿ, ಹಳದಿ ಹೂ ಬಿಟ್ಟುಕೊಂಡು ದಂಡಿನ ಕಡೆಗೆ ಇಳಿಬಿತ್ತು. ಗೋಡೆ ಕಾಯುವವರು ಹಾಡು ಹೇಳತೊಡಗಿದರು.

ಈಗ ಗೋಡೆಯಾಚೆ ಏನಾಯಿತು ಕೇಳಿ. ದಂಡಿನವರು ಸುತ್ತಲ ತೋಟಗಳನ್ನೆಲ್ಲ ಬಂದ ಹೊಸದರಲ್ಲೇ ತಿಂದು ತುಳಿದು ಮುಗಿಸಿದ್ದರು. ಅವರಿಗೂ ಈಗ ಹುಳ ಬಿದ್ದ ಹಿಟ್ಟು, ಉಪ್ಪು. ಊರು ಇವತ್ತು ಬಿದ್ದೀತು, ನಾಳೆ ಬಿದ್ದೀತು ಅಂತ ಕಾಯುತ್ತಿದ್ದವರ ಕಣ್ಣೆದುರಿಗೆ ಊರು ಹಸಿರಾಗಿ ಎದ್ದು ನಿಂತಿತು. ಗಾಳಿ ಆ ಕಡೆ ಬೀಸಿದಾಗಲೆಲ್ಲ ಬಳ್ಳೊಳ್ಳಿ ಒಗ್ಗರಣೆಯ ವಾಸನೆ ಡೇರೆಡೇರೆಯೊಳಗೆ ನುಗ್ಗಿತು. ಈಟಿ ಹಿಡಿದವರು ಈಟಿ ನೆಲಕ್ಕೂರಿ, ಮೂಗು ಮೇಲೆತ್ತಿ ನಿಲ್ಲುತ್ತಿದ್ದರಂತೆ.

ಒಂದು ಮಧ್ಯಾಹ್ನ ದಂಡಿನವನೊಬ್ಬ ಕತ್ತಿ, ಡಾಲು ಎಲ್ಲ ಬಿಟ್ಟು ಬರಿಗೈಯಲ್ಲಿ ಹುಡೇವಿನ ಬುಡಕ್ಕೆ ಬಂದು ನಿಂತ. ಮೇಲಿದ್ದವರು ಕಲ್ಲು ಎತ್ತಿದರು. ಅವನು ಓಡಲಿಲ್ಲ. ಕುತ್ತಿಗೆ ಮೇಲೆತ್ತಿ, "ಯವ್ವಾ, ಒಂದ ತುತ್ತ ಪುಂಡಿಪಲ್ಯ," ಅಂದ.

ಕಾವಲಿನವರಿಗೆ ಬುತ್ತಿ ತಂದಿದ್ದ ದುಂಡವ್ವ ಕಲ್ಲು ಹಿಡಿದ ಕೈಗಳನ್ನು ಸರಿಸಿ ಮುಂದೆ ಬಂದಳು. ಬುಟ್ಟಿಯಲ್ಲಿ ರೊಟ್ಟಿ, ಪಲ್ಯ ಇಟ್ಟು ಬಾವಿಯ ಹಗ್ಗ ಕಟ್ಟಿ ಕೆಳಗಿಳಿಸಿದಳು. ನಿಂಗನಗೌಡ ಕೆಂಡವಾದ. ನಮ್ಮ ಮೇಲೆ ದಂಡೆತ್ತಿ ಬಂದವರಿಗೆ ನಮ್ಮ ಅನ್ನವೇ ಅಂತ ಕೂಗಾಡಿದ. ದುಂಡವ್ವ ಹಗ್ಗ ಬಿಡಲಿಲ್ಲ.

"ಗೌಡ್ರ, ಕಲ್ಲ ಒಗದ್ರ ಇವ ನಾಳೆ ಏಣಿ ತೊಗೊಂಡ ಬರತಾನ. ರೊಟ್ಟಿ ಕೊಟ್ರ ಇವಗ ತನ್ನ ಮನಿ ನೆನಪಾಕ್ಕೈತಿ. ನೋಡ್ರಿ ಬೇಕಾದ್ರ."

ಅವನು ಉಂಡ. ಬೆರಳು ಚೀಪಿದ. ಬುಟ್ಟಿಗೆ ಕೈಮುಗಿದ. ಆಮೇಲೆ ಡೇರೆಯ ಕಡೆ ತಿರುಗಲೇ ಇಲ್ಲ, ನೆಟ್ಟಗೆ ತನ್ನ ಊರಿನ ದಾರಿ ಹಿಡಿದ. ಮರುದಿನ ಇಬ್ಬರು ಬಂದರು, ಅದರ ಮರುದಿನ ಸಾಲಾಗಿ ಬಂದರು. ಊರಿನ ಹಗ್ಗಗಳೆಲ್ಲ ಹುಡೇವಿಗೆ ಬಂದವು, ಬುಟ್ಟಿಗಳೆಲ್ಲ ಕೆಳಗಿಳಿದವು. ಹಾಗೆ ಬಂದು ಉಂಡವರಿಗೆಲ್ಲ ತಮ್ಮ ತಮ್ಮ ಅವ್ವಂದಿರು ನೆನಪಾದರು, ಹೆಂಡಿರು ನೆನಪಾದರು. ಮುಗಿಲಲ್ಲಿ ಮೊದಲ ಮಳೆಯ ಮೋಡ ಕಟ್ಟುತ್ತಿತ್ತು, ಬಿತ್ತನೆಯ ದಿನ ಹತ್ತಿರ ಬಂದಿತ್ತು. ಡೇರೆಗಳು ಒಂದೊಂದಾಗಿ ಖಾಲಿಯಾದವು.

ಜಡೆಯಪ್ಪ ನಾಯಕನಿಗೆ ಸುದ್ದಿ ಹೋಯಿತು. ಕುದುರೆ ಏರಿ, ಕತ್ತಿ ಹಿರಿದು, ಹುಡೇವಿನ ಬುಡಕ್ಕೆ ಬಂದ. ಊರಿಗೆ ಊರೇ ಗೋಡೆಯ ಮೇಲೆ ಬಂದು ನಿಂತಿತ್ತು.

"ಯಾವಕಿ ಅಕಿ, ನನ್ನ ದಂಡಿಗೆ ಮದ್ದ ಹಾಕಿದಾಕಿ?" ಅಂತ ಗುಡುಗಿದ.

ದುಂಡವ್ವ ಮೇಲಿಂದ ಇಣುಕಿದಳು. ಅವನ ಬತ್ತಿದ ಗಲ್ಲ ನೋಡಿದಳು, ಒಡೆದ ತುಟಿ ನೋಡಿದಳು. ಅವಳ ಹಳೆಯ ಗುಣ ಬಿಡಬೇಕಲ್ಲ! "ಅಯ್ಯ ತಮ್ಮಾ, ಎಷ್ಟ ದಿನಾತೋ ನೀ ಛಲೋತ್ನಂಗ ಉಂಡು? ಕುದರಿ ಇಳಿ ಮೊದಲ," ಅಂದಳು. ಬುಟ್ಟಿ ಕೆಳಗಿಳಿಯಿತು. ಹಿತ್ತಾಳೆ ತಾಟಿನಲ್ಲಿ ಎರಡು ಬಿಸಿ ರೊಟ್ಟಿ, ತುಂಬುಬದನೆ, ಪುಂಡಿಪಲ್ಯ, ಮೇಲೊಂದು ಹಸಿಮೆಣಸಿನಕಾಯಿ. ವಿಷ ಇದ್ದೀತು ಅಂತ ಅವನು ಹಿಂಜರಿದ. ದುಂಡವ್ವ ಅದೇ ಪಲ್ಯದ ಗಡಿಗೆಯಿಂದ ತಾನೊಂದು ತುತ್ತು ತಿಂದು ತೋರಿಸಿದಳು.

ನಾಯಕ ಕುದುರೆ ಇಳಿದ. ಕತ್ತಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೊದಲ ತುತ್ತಿಗೇ ಅವನ ಕಣ್ಣು ತುಂಬಿತು ಅಂತ ಕೆಲವರು ಹೇಳುತ್ತಾರೆ, ಮೆಣಸಿನಕಾಯಿ ಕಚ್ಚಿದ್ದಕ್ಕೆ ಅಂತ ಇನ್ನು ಕೆಲವರು. ಬುಟ್ಟಿ ಎಷ್ಟು ಸಲ ಮೇಲೆ ಕೆಳಗೆ ಆಯಿತೋ ಲೆಕ್ಕವಿಲ್ಲ. ಉಂಡು ಮುಗಿದ ಮೇಲೆ ತಾಟಿಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ನೆಕ್ಕಿದನಂತೆ. ಆಮೇಲೆ ತಲೆಯೆತ್ತಿ, "ಯವ್ವಾ, ಇನ್ನ ಕೀಲಿ ಬ್ಯಾಡ. ಈ ಬದನಿ ಬೀಜ ಒಂದೀಟ ಕೊಡ್ತೀಯೇನು?" ಅಂದ.

"ಕೊಡತೇನಿ," ಅಂದಳು ದುಂಡವ್ವ. "ಮೊದಲ ಆ ತಾಟ ತೊಳದ ಕಳಸು."

ಊರವರು ಅವನ ಕತ್ತಿಯ ಕಡೆ ನೋಡಿದರು. ಆದರೆ ನಾಯಕ ಎದ್ದ. ಕುದುರೆಗೆ ಕಟ್ಟಿದ್ದ ನೀರಿನ ಚೀಲ ಬಿಚ್ಚಿದ. ಅಷ್ಟು ದೊಡ್ಡ ದಂಡಿನ ಒಡೆಯ ಬಗ್ಗಿ ಕೂತು, ಮಣ್ಣು ಹಚ್ಚಿ ಉಜ್ಜಿ, ತಾಟನ್ನು ಫಳಫಳ ತೊಳೆದು ಬುಟ್ಟಿಗಿಟ್ಟ. ಆಗ ಗೋಡೆಯ ಮೇಲೆ ಎದ್ದ ಕೇಕೆ ಇದೆಯಲ್ಲ, ಅದು ಬಯಲಾಚೆಯ ಏಳು ಊರಿಗೆ ಕೇಳಿಸಿತು ಅಂತಾರೆ. ಗಂಡಸರು ರುಮಾಲು ತೂರಿದರು. ಗಿರಿಮಲ್ಲವ್ವ ದುಂಡವ್ವನ ಕೆನ್ನೆ ಹಿಡಿದು ಲಟಿಕೆ ಮುರಿದಳು. ನಾಯಕ ಬೀಜದ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದ, ಮತ್ತೆ ಆ ಕಡೆ ದಂಡು ತರಲಿಲ್ಲ. ಗೌಡ ಬಾಗಿಲು ತೆರೆಸಿದ. ಅಷ್ಟು ದಿನ ಒಳಗೇ ಇದ್ದ ಮಂದಿ ಮೊದಲ ಮಳೆಗೆ ಮೈಯೊಡ್ಡಿ, ಕೂರಿಗೆ ಹೊತ್ತು ಹೊಲಕ್ಕೆ ಓಡಿದರು.

ದುಂಡವ್ವ ಆಮೇಲೂ ಬಹಳ ಕಾಲ ಬಾಳಿದಳಂತೆ. ಅವಳಿಗೆ ಗುಡಿ ಕಟ್ಟಬೇಕು ಅಂತ ಊರವರು ಹೊರಟಾಗ, ಕಲ್ಲು ಇಡುವ ಜಾಗದಲ್ಲಿ ಪಾತಿ ಮಾಡಿ ಅಂತ ಬೈದು ಕಳಿಸಿದಳಂತೆ. ಅದಕ್ಕೇ ಅವಳಿಗೆ ಗುಡಿ ಇಲ್ಲ.

ಈಗ ಕೆಂಚಿನಹಾಳದಲ್ಲಿ ಮಣ್ಣಿನ ಮಾಳಿಗೆಗಳು ಕಡಿಮೆ, ಸಿಮೆಂಟಿನ ಮನೆಗಳೇ ಹೆಚ್ಚು. ಆದರೂ ಬೇಸಿಗೆ ಬಂತೆಂದರೆ ಒಡೆದ ಕೊಡ, ಹಳೇ ಬಕೀಟು, ಏನು ಸಿಕ್ಕರೆ ಅದಕ್ಕೆ ಮಣ್ಣು ತುಂಬಿ ಪ್ರತಿ ಮನೆಯವರೂ ಮೇಲೆ ಮೆಂತ್ಯೆ ಬಿತ್ತುತ್ತಾರೆ. ಮಳೆಗಾಲದ ಮೊದಲ ಮೋಡ ಕಂಡ ದಿನ ಊರಿನ ಹೆಂಗಸರು ರೊಟ್ಟಿ, ಪುಂಡಿಪಲ್ಯ, ತುಂಬುಬದನೆ ಹೊತ್ತು ಅರ್ಧ ಕುಸಿದ ಆ ಹುಡೇವು ಹತ್ತುತ್ತಾರೆ. ಕೆಳಗೆ ರಸ್ತೆಯಲ್ಲಿ ಯಾರು ಹಾದುಹೋದರೂ ಸರಿ, ಕೂಗಿ ನಿಲ್ಲಿಸುತ್ತಾರೆ. ಹೋದ ವರ್ಷ ಸಿಕ್ಕವನು ಒಬ್ಬ ಲಾರಿ ಡ್ರೈವರ್, ನಮ್ಮ ಭಾಷೆ ಬಾರದವನು. ಮೇಲಿಂದ ಬುಟ್ಟಿ ಇಳಿದು ಬಂದದ್ದು ಕಂಡು ಕಕ್ಕಾಬಿಕ್ಕಿಯಾಗಿ ನಿಂತ. ಹುಡೇವಿನ ತುಂಬ ಹೆಂಗಸರು ಒಂದೇ ದನಿಯಲ್ಲಿ ಕೂಗಿದರು, "ಉಣ್ಣೋ ನಾಯಕಾ, ಉಣ್ಣು!"

ಅವನು ಲಾರಿಯ ನೆರಳಲ್ಲಿ ಕೂತು ಉಂಡ. ತಾಟು ತೊಳೆಯಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ತಾನಾಗಿಯೇ ತೊಳೆದು ಬುಟ್ಟಿಗಿಟ್ಟ. ಮೇಲೆ ಕೇಕೆ ಎದ್ದಿತು.